ಥೀಮ್ ಮಾಡ್ತೀರಾ? ಮಂಕಾದ ಬಟನ್ನಿಂದ ಶುರು ಮಾಡಿ

ಕಂಪ್ಯೂಟರಿನ ವಿಂಡೋ, ಬಟನ್, ಬಣ್ಣ ಎಲ್ಲದರ ರೂಪ ಬದಲಾಯಿಸೋ ಯಾವುದೋ ಡೆಸ್ಕ್‌ಟಾಪ್ ಥೀಮ್‌ನ ಸ್ಕ್ರೀನ್‌ಶಾಟ್ ನೋಡಿ ಮನಸೋತು, ಡೌನ್‌ಲೋಡ್ ಮಾಡಿ, ಹಾಕ್ಕೊಂಡು, ಒಂದೆರಡು ದಿನ ಕಂಪ್ಯೂಟರ್ ಆನ್ ಮಾಡೋದೇ ಖುಷಿ ಅನ್ನಿಸಿ, ಆಮೇಲೆ ಯಾರಿಗೂ ಹೇಳ್ದೆ ಕೇಳ್ದೆ ಹಳೇ ಡೀಫಾಲ್ಟ್‌ಗೇ ವಾಪಸ್ ಹೋಗಿರೋರು ಕೈ ಎತ್ತಿ ನೋಡೋಣ. ಎಲ್ರೂ ಎತ್ತಿರ್ತೀರ ಬಿಡಿ. ಥೀಮ್ ಮಾಡೋರೇ ಹಾಗೆ ಮಾಡ್ತಾರೆ, ಬೇರೆಯವರದ್ದೇನು ಹೇಳೋದು.

ಯಾಕೆ ಹೀಗಾಗುತ್ತೆ ಅಂತ ನನಗೆ ಅರ್ಥ ಆಗಿರೋದು ಇಷ್ಟು. ಸ್ಕ್ರೀನ್‌ಶಾಟ್‌ನಲ್ಲಿ ಎಲ್ಲಾನೂ ಒಂದೇ ಸ್ಥಿತೀಲಿರುತ್ತೆ. ಒಂದು ಚೆಂದದ ವಾಲ್‌ಪೇಪರ್, ಒಂದು ಟರ್ಮಿನಲ್, ಒಂದು ಮ್ಯೂಸಿಕ್ ಪ್ಲೇಯರ್, ಎಲ್ಲಾ ಜಾಗ ಬಿಟ್ಟು ಜೋಡಿಸಿಟ್ಟಿರ್ತಾರೆ, ಯಾರೂ ಏನೂ ಒತ್ತುತ್ತಿಲ್ಲ, ಎಲ್ಲೂ ಎರರ್ ಬಂದಿಲ್ಲ, ಯಾವ ವಿಂಡೋನೂ ಇನ್ನೊಂದರ ಹಿಂದೆ ಅರ್ಧ ಮುಚ್ಕೊಂಡು ಕೂತಿಲ್ಲ. ನಾವು ಕೆಲ್ಸ ಮಾಡೋವಾಗ ಡೆಸ್ಕ್‌ಟಾಪ್ ಯಾವತ್ತಾದ್ರೂ ಹಂಗಿರುತ್ತಾ? ವಿಂಡೋ ಮೇಲೆ ವಿಂಡೋ ಬಿದ್ದಿರುತ್ತೆ, ಪ್ರಿಂಟ್ ಡೈಲಾಗ್ ತೆಗೆದ್ರೆ ಅರ್ಧ ಆಪ್ಷನ್ ಮಂಕಾಗಿರುತ್ತೆ, ಫೈಲ್ ಕಾಪಿ ಆಗ್ತಾ ಇರುತ್ತೆ, ಅದರ ಮಧ್ಯೆ ಒಂದು ವಾರ್ನಿಂಗ್ ಬಂದು ನಿಂತಿರುತ್ತೆ. ಥೀಮ್ ಅನ್ನೋದರ ನಿಜವಾದ ಕೆಲ್ಸ ಇರೋದೇ ಅಲ್ಲಿ, ಅದಕ್ಕೇ ಯಾರಾದ್ರೂ ಥೀಮ್ ಮಾಡ್ಬೇಕು ಎಲ್ಲಿಂದ ಶುರು ಮಾಡ್ಲಿ ಅಂತ ಕೇಳಿದ್ರೆ ವಾಲ್‌ಪೇಪರ್ ಪಕ್ಕಕ್ಕಿಡಿ, ಒತ್ತೋಕಾಗದ ಆ ಮಂಕು ಬಟನ್ ಇದೆಯಲ್ಲ, ಅಲ್ಲಿಂದ ಶುರು ಮಾಡಿ ಅಂತೀನಿ.

ಈ ಹುಚ್ಚು ಹೊಸದೇನಲ್ಲ. 1992ರ ವಿಂಡೋಸ್ 3.1ರಲ್ಲೇ ಬಣ್ಣದ ಸ್ಕೀಮ್‌ಗಳ ಪಟ್ಟಿ ಇತ್ತು, ಅದರಲ್ಲಿ ಹಾಟ್ ಡಾಗ್ ಸ್ಟ್ಯಾಂಡ್ ಅಂತ ಒಂದು, ಕೆಂಪು ಹಳದಿ ಎರಡೂ ಪೂರ್ತಿ ಜೋರಾಗಿ, ನೋಡಿದ್ರೆ ಕಣ್ಣು ಕಿತ್ಕೊಂಡು ಬರೋ ಹಾಗೆ. ಅದನ್ನ ತಮಾಷೆಗಂತ ಇಟ್ಟಿದ್ರೋ ನಿಜವಾಗ್ಲೂ ಯಾರಿಗೋ ಇಷ್ಟ ಆಗುತ್ತೆ ಅಂತ ಇಟ್ಟಿದ್ರೋ, ಇವತ್ತಿಗೂ ಅದರ ಹೆಸರು ಹೇಳಿದ್ರೆ ಹಳಬರು ನಗ್ತಾರೆ. ವಿಂಡೋಸ್ 95ರ ಆ ಹಸಿರು-ನೀಲಿ ಹಿನ್ನೆಲೆ ನೆನಪಿದ್ಯಲ್ಲ, ಕೆಂಪು 0, ಹಸಿರು 128, ನೀಲಿ 128, ಅಷ್ಟೇ ಅದು. 2001ರಲ್ಲಿ ಎಕ್ಸ್‌ಪಿ ಬಂದಾಗ ಲೂನಾ ಅನ್ನೋ ಥೀಮ್ ನೀಲಿ, ಆಲಿವ್, ಸಿಲ್ವರ್ ಮೂರು ಬಣ್ಣದಲ್ಲಿ ಕೊಟ್ರು, ಆದ್ರೆ ನೀವೇ ಮಾಡಿದ್ದು ಹಾಕ್ಕೊಳ್ತೀನಿ ಅಂದ್ರೆ ಬಿಡ್ತಿರ್ಲಿಲ್ಲ, ಥೀಮ್ ಫೈಲ್‌ಗೆ ಮೈಕ್ರೋಸಾಫ್ಟ್‌ನ ಡಿಜಿಟಲ್ ಸಹಿ ಇದ್ಯಾ ಅಂತ ಯುಎಕ್ಸ್‌ಥೀಮ್ ಅನ್ನೋ ಡಿಎಲ್‌ಎಲ್ (ವಿಂಡೋಸ್‌ನ ಒಳಗಿನ ಪ್ರೋಗ್ರಾಂ ಫೈಲ್) ಚೆಕ್ ಮಾಡ್ತಿತ್ತು, ಆ ಡಿಎಲ್‌ಎಲ್‌ನೇ ಪ್ಯಾಚ್ ಮಾಡಿ ಜನ ತಮ್ಮ ಥೀಮ್ ಹಾಕ್ಕೊಳ್ತಿದ್ರು. ಅದೊಂದು ಕಳ್ಳದಾರಿ, ಆದ್ರೆ ಎಷ್ಟೋ ಜನ ಥೀಮ್ ಮಾಡೋದು ಕಲಿತಿದ್ದೇ ಆ ದಾರೀಲಿ.

ನನ್ನ ಕೇಳಿದ್ರೆ ಕಲಿಯೋಕೆ ಅದಕ್ಕಿಂತ ಒಳ್ಳೇ ಜಾಗ ವಿನ್‌ಆಂಪ್ 2 ಅನ್ನೋ ಹಳೇ ಮ್ಯೂಸಿಕ್ ಪ್ಲೇಯರ್‌ನ ಸ್ಕಿನ್, ಅಂದ್ರೆ ಅದರ ಥೀಮ್. ಈಗ ಯಾರೂ ಅದರಲ್ಲಿ ಹಾಡು ಕೇಳಲ್ಲ ಗೊತ್ತು, ಆದ್ರೂ ಒಂದು ಹಳೇ ಸ್ಕಿನ್ ಫೈಲ್ ಸಿಕ್ಕಿದ್ರೆ ಬಿಚ್ಚಿ ನೋಡಿ, ಅದು ಬರೀ ಎಕ್ಸ್‌ಟೆನ್ಷನ್ ಬದಲಾಯಿಸಿದ ಜಿಪ್ ಫೈಲ್ ಅಷ್ಟೇ. ಒಳಗೆ ಬಿಟ್‌ಮ್ಯಾಪ್ ಚಿತ್ರಗಳು ಮತ್ತೆ ಸಣ್ಣಸಣ್ಣ ಟೆಕ್ಸ್ಟ್ ಫೈಲ್. ಮೇನ್ ವಿಂಡೋ ಅಗಲ 275 ಪಿಕ್ಸೆಲ್, ಎತ್ತರ 116, ಅಷ್ಟರಲ್ಲೇ ನಿಮ್ಮ ಪ್ರಪಂಚ. ಅದರಲ್ಲಿ ಸಿಬಟನ್ಸ್ ಅಂತ ಒಂದು ಚಿತ್ರ ಇರುತ್ತೆ, ಪ್ಲೇ, ಪಾಸ್, ಸ್ಟಾಪ್ ಬಟನ್‌ಗಳದ್ದು. ಎರಡು ಸಾಲು, ಮೇಲಿನ ಸಾಲಲ್ಲಿ ಸುಮ್ನಿರೋ ಬಟನ್‌ಗಳು, ಕೆಳಗಿನ ಸಾಲಲ್ಲಿ ಅವೇ ಬಟನ್‌ಗಳು ಒತ್ತಿದಾಗ ಹೇಗಿರುತ್ತೋ ಹಾಗೆ. ಟೈಟಲ್‌ಬಾರ್ ಚಿತ್ರದಲ್ಲೂ ಹಂಗೇ, ವಿಂಡೋ ಮುಂದಿರೋವಾಗಿನದ್ದು ಒಂದು, ಹಿಂದಿರೋವಾಗಿನದ್ದು ಇನ್ನೊಂದು. ಹಾಡಿಗೆ ತಕ್ಕ ಹಾಗೆ ಕುಣಿಯೋ ಆ ಪಟ್ಟಿಗಳ ಬಣ್ಣಕ್ಕೆ 24 ಸಾಲಿನ ಒಂದು ಟೆಕ್ಸ್ಟ್ ಫೈಲ್. ಯಾರೂ ಪಾಠ ಹೇಳ್ದೆನೇ, ಒಂದು ವಸ್ತುವಿಗೆ ಒಂದಕ್ಕಿಂತ ಹೆಚ್ಚು ಮುಖ ಬರೀಬೇಕು ಅನ್ನೋದು ಆ ಎರಡು ಸಾಲು ನೋಡಿದ್ರೇ ತಲೆಗೆ ಹೋಗುತ್ತೆ.

ಈಗಿನ ಡೆಸ್ಕ್‌ಟಾಪ್‌ನಲ್ಲಿ ಆ ಮುಖಗಳು ಎರಡಲ್ಲ. ಒಂದೇ ಒಂದು ಬಟನ್ ತಗೊಳ್ಳಿ. ಸುಮ್ನಿರೋದು, ಮೌಸ್ ಮೇಲೆ ಬಂದಾಗ, ಒತ್ತಿ ಹಿಡಿದಾಗ, ಕೀಬೋರ್ಡ್‌ನಲ್ಲಿ ಟ್ಯಾಬ್ ಒತ್ತುತ್ತಾ ಅದರ ಮೇಲೆ ಬಂದು ನಿಂತಾಗ, ಆನ್ ಆಗೇ ಉಳಿಯೋ ಬಟನ್ ಆದ್ರೆ ಆನ್ ಆಗಿರೋವಾಗ, ಒತ್ತೋಕಾಗದೇ ಮಂಕಾಗಿರೋವಾಗ, ಇಷ್ಟೂ ಆಯ್ತು ಅಂದ್ಕೊಂಡ್ರೆ ವಿಂಡೋನೇ ಹಿಂದೆ ಹೋದಾಗ ಈ ಎಲ್ಲದರ ಇನ್ನೊಂದು ರೂಪ. ಇವೆಲ್ಲ ಒಂದಕ್ಕೊಂದು ಸೇರ್ಕೊಳ್ಳುತ್ತೆ ಬೇರೆ. ಆನ್ ಆಗಿದೆ, ಆದ್ರೆ ಮಂಕಾಗಿದೆ, ಮತ್ತೆ ಆ ವಿಂಡೋ ಹಿಂದಿದೆ, ಇಂಥ ಬಟನ್ ಹೇಗೆ ಕಾಣ್ಬೇಕು? ಅದನ್ನ ನೋಡಿದೋರಿಗೆ ಇದು ಆನ್ ಆಗಿದೆ ಅಂತನೂ ಗೊತ್ತಾಗ್ಬೇಕು, ನಾನು ಇದನ್ನ ಬದಲಾಯಿಸೋಕಾಗಲ್ಲ ಅಂತನೂ ಗೊತ್ತಾಗ್ಬೇಕು. ಡೌನ್‌ಲೋಡ್ ಮಾಡೋ ಥೀಮ್‌ಗಳಲ್ಲಿ ಬಹಳಷ್ಟು ಇಲ್ಲೇ ಕೈ ಕೊಡೋದು, ಮಂಕು ಅಂದ್ರೆ ಅರ್ಧ ಪಾರದರ್ಶಕ ಮಾಡ್ಬಿಡು ಅಂತ ಒಂದೇ ಸಾಲು ಬರೆದು ಮುಗಿಸಿರ್ತಾರೆ, ಆಮೇಲೆ ಚೆಕ್‌ಬಾಕ್ಸ್‌ನಲ್ಲಿ ಟಿಕ್ ಇದ್ಯಾ ಇಲ್ವಾ ಅಂತ ಮೂಗು ಸ್ಕ್ರೀನ್‌ಗೆ ತಾಗಿಸಿ ನೋಡ್ಬೇಕು.

ಲಿನಕ್ಸ್‌ನಲ್ಲಿ ಎಷ್ಟೋ ಆ್ಯಪ್‌ಗಳ ಬಟನ್, ಮೆನು ಬರೆಯೋ ಜಿಟಿಕೆ ಅನ್ನೋ ಟೂಲ್‌ಕಿಟ್‌ನಲ್ಲಿ, 3ನೇ ಆವೃತ್ತಿಯಿಂದ ಈಚೆಗೆ ಇದನ್ನೆಲ್ಲಾ ವೆಬ್ ಪೇಜಿನ ರೂಪ ಹೇಳೋ ಸಿಎಸ್‌ಎಸ್ ಭಾಷೇಲೇ ಬರೀಬಹುದು, ವೆಬ್ ಪೇಜ್ ಮಾಡಿ ಅಭ್ಯಾಸ ಇರೋರಿಗೆ ಹೋವರ್, ಆಕ್ಟಿವ್, ಫೋಕಸ್, ಡಿಸೇಬಲ್ಡ್ ಎಲ್ಲಾ ಪರಿಚಯದ ಹೆಸರುಗಳೇ, ಅದರ ಜೊತೆ ಬ್ಯಾಕ್‌ಡ್ರಾಪ್ ಅಂತ ಒಂದು ಹೆಚ್ಚಿಗೆ ಇದೆ, ಹಿಂದೆ ಸರಿದ ವಿಂಡೋಗೆ. ಈ ಬ್ಯಾಕ್‌ಡ್ರಾಪ್ ಅನ್ನೋದನ್ನ ದಯವಿಟ್ಟು ಉದಾಸೀನ ಮಾಡ್ಬೇಡಿ. ಎರಡು ವಿಂಡೋ ಅಕ್ಕಪಕ್ಕ ಇದೆ, ಒಂದು ಟರ್ಮಿನಲ್, ಒಂದು ಚಾಟ್, ಎರಡರ ಟೈಟಲ್‌ಬಾರ್‌ಗೂ ಒಂದೇ ಬಣ್ಣ, ಟರ್ಮಿನಲ್ ಪಾಸ್‌ವರ್ಡ್ ಕೇಳ್ತಿದೆ, ನೀವು ಟೈಪ್ ಮಾಡಿ ಎಂಟರ್ ಹೊಡೀತೀರ, ಹೋಗಿದ್ದು ಚಾಟ್‌ಗೆ. ಈಗ ಹೇಳಿ, ಆ ಥೀಮ್ ಎಷ್ಟು ಚೆನ್ನಾಗಿದ್ರೇನು? ಮುಂದಿರೋ ವಿಂಡೋ ಯಾವ್ದು ಅಂತ ಕಣ್ಣಂಚಲ್ಲೇ ಗೊತ್ತಾಗ್ಬೇಕು, ಟೈಟಲ್‌ಬಾರ್ ಬಣ್ಣನೋ, ನೆರಳೋ, ಅಂಚಿನ ಗೆರೆನೋ, ಏನಾದ್ರೂ ಒಂದು ಕೊಡಿ, ಸಾಧ್ಯ ಆದ್ರೆ ಎರಡು ಕೊಡಿ. ಡಾರ್ಕ್ ಥೀಮ್‌ನಲ್ಲಿ ನೆರಳನ್ನ ನಂಬ್ಕೊಂಡು ಕೂರೋ ಹಾಗಿಲ್ಲ, ಕಪ್ಪಿನ ಮೇಲೆ ಕಪ್ಪು ನೆರಳು ಎಲ್ಲಿ ಕಾಣುತ್ತೆ, ಅಲ್ಲಿ ಮೇಲಿರೋ ವಸ್ತುವನ್ನ ಒಂದು ಚೂರು ತಿಳಿ ಮಾಡಿ ತೋರಿಸ್ಬೇಕು, ಮೆನು ವಿಂಡೋಗಿಂತ ತಿಳಿ, ವಿಂಡೋ ಹಿನ್ನೆಲೆಗಿಂತ ತಿಳಿ, ಹಾಗೆ.

ಲಿನಕ್ಸ್‌ನ ಕೆಡಿಇ ಅನ್ನೋ ಡೆಸ್ಕ್‌ಟಾಪ್‌ನಲ್ಲಿ ದಾರಿ ಬೇರೆ. ಅಲ್ಲಿ ಬಣ್ಣದ ಸ್ಕೀಮ್ ಅಂದ್ರೆ ಒಂದು ಸಾದಾ ಟೆಕ್ಸ್ಟ್ ಫೈಲ್, ವಿಂಡೋ, ವ್ಯೂ, ಬಟನ್, ಸೆಲೆಕ್ಷನ್, ಟೂಲ್‌ಟಿಪ್ ಅಂತ ವಿಭಾಗ ಮಾಡಿ ಬಣ್ಣ ಬರೆದಿರ್ತಾರೆ, ಮಂಕಾಗಿರೋದಕ್ಕೆ ಮತ್ತು ಹಿಂದೆ ಸರಿದಿರೋದಕ್ಕೆ ಮಾತ್ರ ಬೇರೆ ಬಣ್ಣ ಕೇಳಲ್ಲ, ಈ ಬಣ್ಣಗಳನ್ನ ಎಷ್ಟು ಪೇಲವ ಮಾಡ್ಲಿ, ಕಾಂಟ್ರಾಸ್ಟ್ ಎಷ್ಟು ತಗ್ಗಿಸ್ಲಿ ಅಂತ ಕೇಳುತ್ತೆ, ಲೆಕ್ಕ ಅದೇ ಹಾಕ್ಕೊಳ್ಳುತ್ತೆ. ನನಗೆ ಇದು ತುಂಬಾ ಇಷ್ಟ, ಮಂಕಾಗೋ ರೀತಿ ಎಲ್ಲಾ ಕಡೆ ಒಂದೇ ಥರ ಇರುತ್ತೆ. ವಿಂಡೋದ ಚೌಕಟ್ಟು, ಪ್ಯಾನೆಲ್ ಎಲ್ಲಾ ಎಸ್‌ವಿಜಿ ಚಿತ್ರಗಳು (ಯಾವ ಸೈಜಿಗಾದ್ರೂ ಹಿಗ್ಗಿಸಬಹುದಾದ ಗೆರೆಚಿತ್ರ), ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಪ್ರೋಗ್ರಾಂನಲ್ಲಿ ತೆಗೆದು ಒಂದೊಂದು ತುಂಡಿಗೂ ಸರಿಯಾದ ಐಡಿ ಕೊಟ್ರೆ ಆಯ್ತು. ನಾಲ್ಕು ಮೂಲೆ, ನಾಲ್ಕು ಅಂಚು, ಒಂದು ಮಧ್ಯ, ಒಟ್ಟು ಒಂಬತ್ತು ತುಂಡು, ವಿಂಡೋ ಎಷ್ಟೇ ದೊಡ್ಡದಾದ್ರೂ ಮೂಲೆಗಳು ಹಂಗೇ ಇರುತ್ತೆ, ಅಂಚು ಮತ್ತು ಮಧ್ಯ ಮಾತ್ರ ಎಳ್ಕೊಳ್ಳುತ್ತೆ. ಹಂಗಾಗಿ ಅಂಚಿನ ತುಂಡಲ್ಲಿ ಏನಾದ್ರೂ ಹೂವು ಬಳ್ಳಿ ಬರೆದಿಟ್ರೆ ವಿಂಡೋ ದೊಡ್ಡದು ಮಾಡಿದ ತಕ್ಷಣ ಅದು ಉದ್ದುದ್ದ ಎಳೆದು ವಿಕಾರ ಆಗುತ್ತೆ, ಅಲಂಕಾರ ಏನಿದ್ರೂ ಮೂಲೇಲಿ.

ಇನ್ನು ಬಣ್ಣ. ಎಲ್ರೂ ಮೊದ್ಲು ಯೋಚನೆ ಮಾಡೋದು ಆ ಒಂದು ಹೊಳೆಯೋ ಬಣ್ಣದ ಬಗ್ಗೆ, ಆಕ್ಸೆಂಟ್ ಕಲರ್ ಅಂತಾರಲ್ಲ, ನೇರಳೆ ಇಡ್ಲಾ ಕಿತ್ತಳೆ ಇಡ್ಲಾ ಅಂತ. ಅದು ಕೊನೇಲಿ ಅರ್ಧ ನಿಮಿಷದ ಕೆಲ್ಸ ಕಣ್ರೀ. ತಲೆ ತಿನ್ನೋದು ಬೂದು ಬಣ್ಣಗಳು. ವಿಂಡೋ ಹಿನ್ನೆಲೆಗೆ ಒಂದು, ಬರೆಯೋ ಜಾಗಕ್ಕೆ ಒಂದು, ಸೈಡ್‌ಬಾರ್‌ಗೆ ಒಂದು, ಮೆನುಗೆ ಒಂದು, ಗೆರೆಗಳಿಗೆ ಒಂದು, ಮುಖ್ಯ ಅಕ್ಷರಕ್ಕೆ, ಅಷ್ಟು ಮುಖ್ಯ ಅಲ್ಲದ ಅಕ್ಷರಕ್ಕೆ, ಮಂಕು ಅಕ್ಷರಕ್ಕೆ. ಇವುಗಳ ನಡುವಿನ ಅಂತರ ಸರಿ ಇದ್ರೆ ಆಕ್ಸೆಂಟ್ ಯಾವ್ದು ಹಾಕಿದ್ರೂ ಥೀಮ್ ನಿಲ್ಲುತ್ತೆ, ಅಂತರ ಸರಿ ಇಲ್ದಿದ್ರೆ ಯಾವ್ದು ಹಾಕಿದ್ರೂ ಬೀಳುತ್ತೆ. 2011ರಲ್ಲಿ ಈಥನ್ ಸ್ಕೂನೋವರ್ ಮಾಡಿದ ಸೋಲರೈಜ್ಡ್ ಅನ್ನೋ ಬಣ್ಣದ ಸೆಟ್ ಇಷ್ಟು ವರ್ಷ ಬಾಳಿರೋದು ಇದಕ್ಕೇ ಅನ್ಸುತ್ತೆ. ಒಟ್ಟು 16 ಬಣ್ಣ, ಅದರಲ್ಲಿ 8 ಹಿನ್ನೆಲೆಗೂ ಅಕ್ಷರಕ್ಕೂ, 8 ಮಾತ್ರ ರಂಗಿನವು. ಆ ಮೊದಲ 8ರ ಹೊಳಪಿನ ಅಂತರಗಳನ್ನ ಲೆಕ್ಕ ಹಾಕಿ ಹೊಂದಿಸಿದ್ದಾರೆ, ಹಂಗಾಗಿ ಅದೇ ಬಣ್ಣಗಳನ್ನ ತಿರುಗುಮುರುಗು ಮಾಡಿದ್ರೆ ಲೈಟ್ ಥೀಮ್, ಮತ್ತೆ ತಿರುಗಿಸಿದ್ರೆ ಡಾರ್ಕ್. ನನಗೆ ಅದರ ಹಳದಿ ಛಾಯೆ ಇಷ್ಟ ಇಲ್ಲ, ಅದು ಬೇರೆ ವಿಷಯ. ಈಚಿನ ಕ್ಯಾಟ್‌ಪುಚಿನ್, ನಾರ್ಡ್, ಡ್ರಾಕುಲಾ ಅನ್ನೋ ಬಣ್ಣದ ಸೆಟ್‌ಗಳನ್ನ ನೋಡಿ, ಚೆನ್ನಾಗಿ ನಿಂತಿರೋವೆಲ್ಲ ಮೊದ್ಲು ಬೂದು ಮೆಟ್ಟಿಲು ಕಟ್ಕೊಂಡು ಆಮೇಲೆ ರಂಗು ಹಚ್ಚಿರೋವು.

ಕಲರ್ ಪಿಕ್ಕರ್‌ನಲ್ಲಿ ಒಂದು ಮೋಸ ಇದೆ, ಹೇಳಿಬಿಡ್ತೀನಿ. ಸಾಮಾನ್ಯವಾಗಿ ಸಿಗೋ ಎಚ್‌ಎಸ್‌ಎಲ್ ಪಿಕ್ಕರ್‌ನಲ್ಲಿ ಲೈಟ್‌ನೆಸ್ (ಹೊಳಪು) 50 ಇಟ್ಟು, ಸ್ಯಾಚುರೇಷನ್ (ಬಣ್ಣದ ಗಾಢತೆ) 100 ಇಟ್ಟು, ಬರೀ ಹ್ಯೂ (ಯಾವ ಬಣ್ಣ ಅನ್ನೋದು) ಮಾತ್ರ ಬದಲಾಯಿಸಿ ನೋಡಿ. ಹಳದೀನೂ ಬರುತ್ತೆ, ನೀಲೀನೂ ಬರುತ್ತೆ, ಪಿಕ್ಕರ್ ಪ್ರಕಾರ ಎರಡರದ್ದೂ ಹೊಳಪು ಒಂದೇ. ಬಿಳಿ ಹಾಳೆ ಮೇಲೆ ಎರಡರಲ್ಲೂ ಅಕ್ಷರ ಬರೆದು ನೋಡಿ, ನೀಲಿ ನೆಟ್ಟಗೆ ಓದಬಹುದು, ಹಳದಿ ಇದೆ ಅಂತನೇ ಗೊತ್ತಾಗಲ್ಲ. ಕಾಂಟ್ರಾಸ್ಟ್, ಅಂದ್ರೆ ಎರಡು ಬಣ್ಣದ ಹೊಳಪಿನ ಅನುಪಾತ, ಲೆಕ್ಕ ಹಾಕಿದ್ರೆ ಬಿಳಿ ಮೇಲಿನ ಆ ನೀಲಿಗೆ ಸುಮಾರು 8.6, ಹಳದಿಗೆ 1.07. ನಮ್ಮ ಕಣ್ಣಿಗೆ ಹಸಿರು ಕೆಂಪು ಬೆಳಕು ಜಾಸ್ತಿ ಹೊಳಪಾಗಿ ಕಾಣುತ್ತೆ, ನೀಲಿ ಕಮ್ಮಿ, ಆ ಪಿಕ್ಕರ್‌ಗೆ ಇದು ಗೊತ್ತಿಲ್ಲ ಅಷ್ಟೇ. ಅದಕ್ಕೆ ವಾರ್ನಿಂಗ್‌ಗೆ ಹಳದಿ, ಎರರ್‌ಗೆ ಕೆಂಪು, ಸರಿ ಆಯ್ತು ಅನ್ನೋದಕ್ಕೆ ಹಸಿರು ಅಂತ ಒಂದೇ ಲೈಟ್‌ನೆಸ್‌ನಲ್ಲಿ ಆರಿಸ್ಕೊಂಡ್ರೆ ಮೂರೂ ಮೂರು ದಿಕ್ಕಿಗೆ ಹೋಗುತ್ತೆ. 2020ರಲ್ಲಿ ಬಿಯರ್ನ್ ಒಟ್ಟೊಸನ್ ಅನ್ನೋರು ಓಕೆಲ್ಯಾಬ್ ಅಂತ ಒಂದು ಕಲರ್ ಸ್ಪೇಸ್, ಅಂದ್ರೆ ಬಣ್ಣಗಳನ್ನ ಅಂಕಿಯಲ್ಲಿ ಹೇಳೋ ಒಂದು ರೀತಿ, ಕೊಟ್ರು, ಅದರದ್ದೇ ಓಕೆಎಲ್‌ಸಿಎಚ್ ರೂಪದಲ್ಲಿ ಬಣ್ಣ ಆರಿಸಿದ್ರೆ ಲೈಟ್‌ನೆಸ್ ಅಂತ ಏನು ಹಾಕ್ತೀವೋ ಹೆಚ್ಚುಕಮ್ಮಿ ಕಣ್ಣಿಗೂ ಅದೇ ಕಾಣುತ್ತೆ. ಪ್ಯಾಲೆಟ್ ಅದರಲ್ಲಿ ಮಾಡ್ಕೊಂಡು ಕೊನೆಗೆ ಮಾಮೂಲಿ ಆರ್‌ಜಿಬಿಗೆ ತಿರುಗಿಸ್ಕೊಳ್ಳಿ, ಅರ್ಧ ತಲೆನೋವು ಅಲ್ಲೇ ಹೋಗುತ್ತೆ.

ಕಾಂಟ್ರಾಸ್ಟ್ ಮಾತು ಬಂತಲ್ಲ, ಎಲ್ರಿಗೂ ಬಳಸೋಕಾಗ್ಲಿ ಅಂತ ವೆಬ್‌ಗೆ ಬರೆದ ಡಬ್ಲ್ಯುಸಿಎಜಿ ನಿಯಮಗಳು ಡೆಸ್ಕ್‌ಟಾಪ್‌ಗೂ ಚೆನ್ನಾಗಿ ಹೊಂದುತ್ತೆ. ಮಾಮೂಲಿ ಅಕ್ಷರಕ್ಕೆ ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ 3, ಬಟನ್ ಅಂಚು ಐಕಾನ್ ಇಂಥವಕ್ಕೂ 3. ಅಪ್ಪಟ ಬಿಳಿ ಮೇಲೆ ಅಪ್ಪಟ ಕಪ್ಪು ಅಂದ್ರೆ 21, ಅದಕ್ಕಿಂತ ಮೇಲೆ ಇಲ್ಲ. ಬಿಳಿ ಮೇಲೆ #767676 ಅನ್ನೋ ಬೂದು 4.54 ಬಂದು ಪಾಸಾಗುತ್ತೆ, #777777 ಆದ್ರೆ 4.48, ಫೇಲ್. ಕಣ್ಣಿಗೆ ಎರಡೂ ಒಂದೇ, ಪರೀಕ್ಷೆ ಅಂದ್ರೆ ಹಂಗೇ ಅಲ್ವಾ. ಮಂಕಾದ ಬಟನ್‌ಗೆ ಈ ನಿಯಮದಿಂದ ವಿನಾಯಿತಿ ಇದೆ, ಅದನ್ನೇ ನೆಪ ಮಾಡ್ಕೊಂಡು ಓದೋಕೇ ಆಗದ ಹಾಗೆ ಮಾಡಿಡ್ತಾರೆ, ಇದು ನನಗೆ ಸುತಾರಾಂ ಒಪ್ಪಿಗೆ ಇಲ್ಲ. ಯಾವ ಆಪ್ಷನ್ ನನಗೆ ಸಿಕ್ತಿಲ್ಲ ಅಂತ ಓದೋಕಾದ್ರೂ ಆಗ್ಬೇಕಲ್ಲ? ನಾನು ಅದಕ್ಕೂ 3ರ ಹತ್ತಿರ ಇಡ್ತೀನಿ. ಹಾಗೇ ಡಾರ್ಕ್ ಥೀಮ್ ಅಂದ ತಕ್ಷಣ ಅಪ್ಪಟ ಕಪ್ಪಿನ ಮೇಲೆ ಅಪ್ಪಟ ಬಿಳಿ ಸುರಿಯೋದೂ ಬೇಡ, ಅಸ್ಟಿಗ್ಮ್ಯಾಟಿಸಂ ಅನ್ನೋ ಕಣ್ಣಿನ ದೋಷ ಇರೋ ಎಷ್ಟೋ ಜನಕ್ಕೆ ಅಕ್ಷರದ ಸುತ್ತ ಬೆಳಕು ಹರಡಿದ ಹಾಗೆ ಕಾಣುತ್ತೆ. ಮತ್ತೆ ಕೆಂಪು ಹಸಿರು ಬರೀ ಬಣ್ಣದಲ್ಲೇ ವ್ಯತ್ಯಾಸ ಹೇಳಬಾರದು, ಬಣ್ಣಗುರುಡು ಇರೋ ಗಂಡಸರು ನಾವಂದ್ಕೊಂಡಷ್ಟು ಅಪರೂಪ ಅಲ್ಲ, ಎರರ್ ಅಂದ್ರೆ ಒಂದು ಗುರುತು, ಒಂದು ಆಕಾರ ಏನಾದ್ರೂ ಜೊತೇಲಿರ್ಲಿ. ಸ್ಕ್ರೀನ್‌ಶಾಟ್ ತೆಗೆದು ಗ್ರೇಸ್ಕೇಲ್ ಮಾಡಿ ನೋಡೋದು ಸುಲಭದ ಪರೀಕ್ಷೆ, ಬಣ್ಣ ತೆಗೆದ ಮೇಲೂ ಯಾವ ಬಟನ್ ಮುಖ್ಯ, ಯಾವ್ದು ಆನ್ ಇದೆ ಅಂತ ಗೊತ್ತಾಗ್ತಿದ್ರೆ ಸರಿ ಇದೆ.

ಫೋಕಸ್ ಬಗ್ಗೆ ಒಂದು ಮಾತು. ಟ್ಯಾಬ್ ಒತ್ತಿದಾಗ ಬಟನ್ ಸುತ್ತ ಬರೋ ಆ ಗೆರೆ ಚೆನ್ನಾಗಿ ಕಾಣಲ್ಲ ಅಂತ ತುಂಬಾ ಥೀಮ್‌ಗಳಲ್ಲಿ ತೆಗೆದೇ ಬಿಟ್ಟಿರ್ತಾರೆ. ಮೌಸ್ ಬಳಸೋಕಾಗದೇ ಇರೋರಿಗೆ ಅದೊಂದೇ ದಾರಿ. ಚೆನ್ನಾಗಿಲ್ಲ ಅನ್ಸಿದ್ರೆ ಚೆನ್ನಾಗಿರೋ ಹಾಗೆ ಬರೀರಿ, ತೆಗೀಬೇಡಿ.

ವಿಂಡೋ ಅಂಚಿನ ಕಥೆ ಇನ್ನೊಂದು. ಒಂದು ಪಿಕ್ಸೆಲ್ ಅಂಚು ನೋಡೋಕೆ ಎಷ್ಟು ನಾಜೂಕು, ಆದ್ರೆ ಅದನ್ನ ಮೌಸ್‌ನಲ್ಲಿ ಹಿಡಿದು ಎಳೆದು ವಿಂಡೋ ದೊಡ್ಡದು ಮಾಡೋಕೆ ಹೋಗಿ, ಗೊತ್ತಾಗುತ್ತೆ. ಎಕ್ಸ್‌ಎಫ್‌ಸಿಇ ಅನ್ನೋ ಲಿನಕ್ಸ್ ಡೆಸ್ಕ್‌ಟಾಪ್ ಬಳಸೋರಿಗೆ ಈ ಪಾಡು ಚೆನ್ನಾಗಿ ಗೊತ್ತು, ಅಲ್ಲಿ ವಿಂಡೋ ಅಂಚು ಅಂದ್ರೆ ಥೀಮ್‌ನಲ್ಲಿರೋ ಸಣ್ಣಸಣ್ಣ ಚಿತ್ರಗಳು, ಚಿತ್ರ ಎಷ್ಟು ದಪ್ಪನೋ ಹಿಡಿಯೋ ಜಾಗನೂ ಅಷ್ಟೇ. ಆಲ್ಟ್ ಕೀ ಹಿಡಿದು ಮೌಸ್‌ನ ಬಲಗಡೆ ಬಟನ್‌ನಲ್ಲಿ ಎಳೆದ್ರೆ ಆಗುತ್ತೆ, ಆದ್ರೆ ಎಷ್ಟು ಜನಕ್ಕೆ ಗೊತ್ತು? ಅಲ್ಲಿ ಥೀಮ್ ಮಾಡೋರು ಅಂಚಿನ ಚಿತ್ರವನ್ನ ಕೆಲವು ಪಿಕ್ಸೆಲ್ ದಪ್ಪ ಮಾಡಿ ಹೊರಗಿನ ಭಾಗವನ್ನ ವಿಂಡೋ ಬಣ್ಣದ್ದೇ ಮಾಡಿಬಿಟ್ರೆ ದಪ್ಪ ಅಂತ ಅನ್ಸೋದೂ ಇಲ್ಲ, ಕೈಗೂ ಸಿಗುತ್ತೆ. ಇದೇ ಥರ ಕ್ಲೋಸ್ ಬಟನ್. ದೊಡ್ಡ ಗುರಿ, ಹತ್ತಿರದ ಗುರಿ ಬೇಗ ಮುಟ್ಟಬಹುದು ಅಂತ ಪಾಲ್ ಫಿಟ್ಸ್ 1954ರಲ್ಲೇ ಲೆಕ್ಕ ಕೊಟ್ಟಿದ್ದಾರೆ, ಸ್ಕ್ರೀನ್ ಮೂಲೆ ಅಂದ್ರೆ ಮೌಸ್ ಎಷ್ಟು ಜೋರಾಗಿ ತಳ್ಳಿದ್ರೂ ಅಲ್ಲೇ ನಿಲ್ಲೋದ್ರಿಂದ ಅದು ಬಲು ದೊಡ್ಡ ಗುರಿ. ವಿಂಡೋ ಪೂರ್ತಿ ಹರಡಿದಾಗ ಕ್ಲೋಸ್ ಬಟನ್ ಮೂಲೆಗೆ ಅಂಟ್ಕೊಂಡಿದ್ರೆ ನೋಡ್ದೇನೇ ಒತ್ತಬಹುದು. ಚೆಂದ ಕಾಣ್ಲಿ ಅಂತ ಮೂಲೆಯಿಂದ ನಾಲ್ಕು ಪಿಕ್ಸೆಲ್ ಒಳಗೆ ತಂದ್ರೆ ಆ ಸವಲತ್ತು ಪೂರ್ತಿ ಹೋಯ್ತು.

ಐಕಾನ್‌ಗೆ ಕೈ ಹಾಕೋ ಮೊದ್ಲು ಎರಡು ಸಲ ಯೋಚನೆ ಮಾಡಿ, ಅದು ಮುಗಿಯದ ಕೆಲ್ಸ. ಲಿನಕ್ಸ್‌ನಲ್ಲಿ ಒಂದು ಸಮಾಧಾನ ಏನಂದ್ರೆ ಎಲ್ಲಾ ಬರೀಬೇಕಾಗಿಲ್ಲ, ಐಕಾನ್ ಥೀಮ್‌ನ ಇಂಡೆಕ್ಸ್ ಫೈಲ್‌ನಲ್ಲಿ ಇನ್‌ಹೆರಿಟ್ಸ್ ಅಂತ ಒಂದು ಸಾಲು ಇರುತ್ತೆ, ನನ್ನ ಹತ್ರ ಇಲ್ಲದ್ದನ್ನ ಈ ಥೀಮ್‌ನಲ್ಲಿ ಹುಡುಕು ಅಂತ, ಅಲ್ಲೂ ಇಲ್ಲ ಅಂದ್ರೆ ಕೊನೆಗೆ ಹೈಕಲರ್ ಅನ್ನೋ ಥೀಮ್‌ನಲ್ಲಿ ಹುಡುಕುತ್ತೆ. ಹಂಗಾಗಿ ಬರೀ ಫೋಲ್ಡರ್ ಐಕಾನ್‌ಗಳನ್ನ ಮಾತ್ರ ಬದಲಾಯಿಸಿದ ಥೀಮ್ ಕೂಡ ಒಂದು ಥೀಮೇ. ಆದ್ರೆ ಸಣ್ಣ ಸೈಜಿನ ವಿಷಯದಲ್ಲಿ ಸೋಮಾರಿತನ ಬೇಡ. ಎಸ್‌ವಿಜಿ ಅಲ್ವಾ, ಯಾವ ಸೈಜಿಗಾದ್ರೂ ಕುಗ್ಗುತ್ತೆ ಅಂತ ದೊಡ್ಡದನ್ನೇ 16 ಪಿಕ್ಸೆಲ್‌ಗೆ ಇಳಿಸಿದ್ರೆ, ಗೆರೆಗಳು ಅರ್ಧ ಈ ಪಿಕ್ಸೆಲ್‌ನಲ್ಲಿ ಅರ್ಧ ಆ ಪಿಕ್ಸೆಲ್‌ನಲ್ಲಿ ಬಿದ್ದು ಕಲಸಿದ ಹಾಗಾಗುತ್ತೆ. 16ಕ್ಕೆ ಬೇರೆಯೇ ಬರೀಬೇಕು, ವಿವರ ಕಿತ್ತು ಹಾಕಿ, ಗೆರೆಗಳನ್ನ ಪಿಕ್ಸೆಲ್ ಗ್ರಿಡ್‌ಗೆ ಕೂರಿಸಿ. 1984ರ ಮ್ಯಾಕಿಂಟಾಷ್‌ಗೆ ಸೂಸನ್ ಕೇರ್ ಬರೆದ ಐಕಾನ್‌ಗಳನ್ನ ಹುಡುಕಿ ನೋಡಿ, ಬರೀ ಕಪ್ಪು ಬಿಳುಪು, 32 ಅಡ್ಡ 32 ಚೌಕ, ಒಂದೊಂದು ಚುಕ್ಕೀನೂ ಯೋಚನೆ ಮಾಡಿ ಇಟ್ಟಿರೋದು ಗೊತ್ತಾಗುತ್ತೆ.

ಮೌಸ್ ಕರ್ಸರ್ ಮಾಡೋದು ಮಜಾ ಕೆಲ್ಸ, ಚಿತ್ರಗಳನ್ನ ಮಾಡಿ, ಒಂದು ಸಣ್ಣ ಫೈಲ್‌ನಲ್ಲಿ ಸೈಜು, ಹಾಟ್‌ಸ್ಪಾಟ್, ಚಿತ್ರದ ಹೆಸರು ಬರೆದು ಎಕ್ಸ್‌ಕರ್ಸರ್‌ಜೆನ್ ಅನ್ನೋ ಲಿನಕ್ಸ್ ಪ್ರೋಗ್ರಾಂಗೆ ಕೊಟ್ರೆ ಆಯ್ತು. ಹಾಟ್‌ಸ್ಪಾಟ್ ಅಂದ್ರೆ ಕ್ಲಿಕ್ ನಿಜವಾಗಿ ಬೀಳೋ ಚುಕ್ಕಿ. ಬಾಣದ ತುದಿಗೂ ಅದಕ್ಕೂ ಎರಡು ಪಿಕ್ಸೆಲ್ ವ್ಯತ್ಯಾಸ ಆದ್ರೂ ಬಳಸೋರಿಗೆ ಏನೋ ಸರಿ ಇಲ್ಲ ಅನ್ಸುತ್ತೆ, ಏನು ಅಂತ ಹೇಳೋಕೆ ಬರಲ್ಲ, ಮೌಸನ್ನ ಬೈಕೊಂಡು ಕೂರ್ತಾರೆ.

ಕನ್ನಡದಲ್ಲಿ ಫೈಲ್ ಹೆಸರು ಇಡೋ ನಮ್ಮಂಥವರಿಗೆ ಇನ್ನೊಂದು ಗೋಳಿದೆ. ಥೀಮ್ ಮಾಡೋರು ಬಹುಪಾಲು ಇಂಗ್ಲಿಷ್ ಅಕ್ಷರ ಹಾಕಿ ನೋಡಿ ಟೈಟಲ್‌ಬಾರ್‌ನ ಎತ್ತರ, ಪಟ್ಟಿಯ ಸಾಲಿನ ಎತ್ತರ ನಿಗದಿ ಮಾಡಿರ್ತಾರೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತೆ, ಗುಡಿಸು ಮೇಲೆ ಹೋಗುತ್ತೆ, "ಲಕ್ಷ್ಮೀ" ಅಂತ ಫೋಲ್ಡರ್ ಹೆಸರಿಟ್ರೆ ಕೆಳಗಿನ ಒತ್ತು ಕತ್ತರಿಸಿ ಹೋಗಿರುತ್ತೆ, "ರಾಷ್ಟ್ರ" ಅಂದ್ರೆ ಕೆಳಗಿರೋ ರಕಾರ ಪಕ್ಕದ ಸಾಲಿನ ತಲೆ ಮೇಲೆ. ಸಾಲಿನ ಎತ್ತರವನ್ನ ಪಿಕ್ಸೆಲ್‌ನಲ್ಲಿ ಗಟ್ಟಿಯಾಗಿ ಹೊಡೆದು ನಿಲ್ಲಿಸ್ದೆ, ಮೇಲೆ ಕೆಳಗೆ ಪ್ಯಾಡಿಂಗ್ (ಖಾಲಿ ಜಾಗ) ಕೊಟ್ಟು ಫಾಂಟ್‌ಗೆ ಎಷ್ಟು ಬೇಕೋ ಅಷ್ಟು ಬೆಳೆಯೋಕೆ ಬಿಟ್ರೆ ಈ ತೊಂದ್ರೆನೇ ಇಲ್ಲ. ನೋಟೋ ಸಾನ್ಸ್ ಕನ್ನಡ ಹಾಕಿ ಒಂದು ಸಲ, ನಿರ್ಮಲಾ ಯುಐ ಹಾಕಿ ಒಂದು ಸಲ ನೋಡಿ, ಎರಡರ ಅಳತೆ ಬೇರೆ ಬೇರೆ. ಇದನ್ನ ಇಂಗ್ಲಿಷ್ ಮಾತ್ರ ಬಳಸೋರು ಯಾವತ್ತೂ ಗಮನಿಸಲ್ಲ, ನಾವೇ ಹೇಳ್ಬೇಕು, ಅಥವಾ ನಾವೇ ಮಾಡ್ಕೋಬೇಕು.

ಇಷ್ಟೆಲ್ಲಾ ಕಷ್ಟಪಟ್ಟು ಮಾಡಿದ ಮೇಲೆ ಒಂದು ಅಪ್‌ಡೇಟ್ ಬಂದು ಎಲ್ಲಾ ಗುಡಿಸಿ ಹಾಕೋದೂ ಉಂಟು. 2016ರಲ್ಲಿ ಜಿಟಿಕೆ 3.20 ಬಂದಾಗ ಸಿಎಸ್‌ಎಸ್‌ನಲ್ಲಿ ಬಟನ್, ಎಂಟ್ರಿ (ಟೈಪ್ ಮಾಡೋ ಡಬ್ಬಿ) ಇವುಗಳನ್ನ ಕರೆಯೋ ರೀತಿನೇ ಬದಲಾಯಿತು, ಆವರೆಗಿನ ಥೀಮ್‌ಗಳೆಲ್ಲಾ ಮುರಿದು ಬಿದ್ವು, ಅಷ್ಟು ದಿನ ಚೆನ್ನಾಗಿ ನಡೆಸಿಕೊಂಡು ಬಂದಿದ್ದ ಎಷ್ಟೋ ಜನ ಸಾಕಪ್ಪಾ ಅಂತ ಅಲ್ಲಿಗೇ ಬಿಟ್ರು. 2019ರಲ್ಲಿ ಜಿಟಿಕೆ ಬಳಸೋ ಲಿನಕ್ಸ್ ಡೆಸ್ಕ್‌ಟಾಪ್ ಗ್ನೋಮ್‌ನ ಕೆಲವು ಆ್ಯಪ್ ಡೆವಲಪರ್‌ಗಳು ಸೇರಿ, ದಯವಿಟ್ಟು ನಮ್ಮ ಆ್ಯಪ್‌ಗಳಿಗೆ ನೀವು ಥೀಮ್ ಹಚ್ಚಬೇಡಿ ಅಂತ ಒಂದು ಬಹಿರಂಗ ಪತ್ರ ಬರೆದ್ರು. 2022ರ ಗ್ನೋಮ್ 42ರಲ್ಲಿ ಲಿಬ್‌ಅದ್ವೈತ ಅನ್ನೋ ಲೈಬ್ರರಿ ಬಂತು, ಅದನ್ನ ಬಳಸೋ ಆ್ಯಪ್‌ಗಳು ನಿಮ್ಮ ಥೀಮ್ ಕಡೆ ತಿರುಗೀನೂ ನೋಡಲ್ಲ, ಲೈಟ್ ಡಾರ್ಕ್ ಅಷ್ಟೇ. 2024ರ ಗ್ನೋಮ್ 47ರಲ್ಲಿ 9 ಆಕ್ಸೆಂಟ್ ಬಣ್ಣ ಕೊಟ್ಟು ಸ್ವಲ್ಪ ಸಮಾಧಾನ ಮಾಡಿದ್ರು.

ಆ ಪತ್ರ ಬಂದಾಗ ಥೀಮ್ ಮಾಡೋರೆಲ್ಲ ಸಿಟ್ಟಾದ್ರು. ನಾನು ಪತ್ರ ಬರೆದೋರ ಮಾತಲ್ಲಿ ನ್ಯಾಯ ಇದೆ ಅಂತೀನಿ. ಆ ಪತ್ರದ ಮುಖ್ಯ ತಕರಾರು ಇದ್ದಿದ್ದು ಡಿಸ್ಟ್ರೋಗಳ ಮೇಲೆ, ಅಂದ್ರೆ ಲಿನಕ್ಸನ್ನ ಜೋಡಿಸಿ ಹಂಚೋರ ಮೇಲೆ, ತಾವು ಪರೀಕ್ಷೆ ಮಾಡದ ಥೀಮ್‌ನ ಎಲ್ಲಾ ಆ್ಯಪ್‌ಗೂ ಬಳಿದು ಜನರ ಕೈಗೆ ಕೊಡ್ತಾರೆ, ಎಲ್ಲೋ ಬಟನ್ ಕಾಣ್ದೇ ಹೋದ್ರೆ ಬೈಗುಳ ಬರೋದು ಆ್ಯಪ್ ಬರೆದೋರಿಗೆ. ತಮ್ಮ ಸ್ವಂತ ಮಷೀನ್‌ನಲ್ಲಿ ತಾವೇ ಏನು ಬೇಕಾದ್ರೂ ಮಾಡ್ಕೊಳ್ಳೋರ ಬಗ್ಗೆ ನಮಗೇನೂ ತಕರಾರಿಲ್ಲ ಅಂತ ಆ ಪತ್ರದಲ್ಲೇ ಇದೆ. ಮಂಕಾದ ಬಟನ್‌ಗೆ ಒಂದೇ ಸಾಲು ಬರೆದು ಮುಗಿಸಿದ ಥೀಮ್‌ಗಳನ್ನ ನೋಡಿದೋರಿಗೆ ಅವರ ಕೋಪ ಎಲ್ಲಿಂದ ಬಂತು ಅಂತ ಅರ್ಥ ಆಗುತ್ತೆ. ಹಾಗಂತ ಬಾಗಿಲನ್ನೇ ಮುಚ್ಚಿಬಿಡೋದು ನನಗೆ ಇಷ್ಟ ಆಗ್ಲಿಲ್ಲ, ಅದಕ್ಕೇ ಈಗ ಕೆಡಿಇ ಕಡೆ ವಾಲಿದ್ದೀನಿ, ಮ್ಯಾಕ್‌ನಲ್ಲಂತೂ ಆಕ್ಸೆಂಟ್ ಬಣ್ಣ, ಡಾರ್ಕ್ ಮೋಡ್ ಬಿಟ್ರೆ ಹೆಚ್ಚೇನೂ ಮುಟ್ಟೋಕೆ ಬಿಡಲ್ಲ. ವಿಂಡೋಸ್‌ನಲ್ಲಿ ಇರೋರಿಗೆ ಸಹಿಯ ತಂಟೆಗೆ ಹೋಗೋದು ಬೇಡ ಅನ್ಸಿದ್ರೆ ರೇನ್‌ಮೀಟರ್ ಇದೆ, ಸಾದಾ ಐಎನ್‌ಐ ಫೈಲ್‌ನಲ್ಲಿ ಗಡಿಯಾರ, ಸಿಪಿಯು ಮೀಟರ್ ಎಲ್ಲಾ ನಿಮಗೆ ಬೇಕಾದ ಹಾಗೆ ಬರ್ಕೊಬಹುದು, ಆದ್ರೆ ಅದು ಡೆಸ್ಕ್‌ಟಾಪ್ ಮೇಲೆ ಇಡೋ ವಸ್ತುಗಳು ಅಷ್ಟೇ, ವಿಂಡೋಗಳ ಒಳಗೆ ಹೋಗಲ್ಲ.

ಜಿಟಿಕೆಯಲ್ಲೇ ಕಲಿಯೋ ಆಸೆ ಇದ್ರೆ ಹೀಗೆ ಮಾಡಿ. ಜಿಟಿಕೆ 3 ವಿಜೆಟ್ ಫ್ಯಾಕ್ಟರಿ ಅಂತ ಒಂದು ಸಣ್ಣ ಪ್ರೋಗ್ರಾಂ ಇದೆ, ಅದರಲ್ಲಿ ಬಟನ್, ಚೆಕ್‌ಬಾಕ್ಸ್, ಸ್ಲೈಡರ್, ಎಂಟ್ರಿ ಎಲ್ಲಾ ಒಂದೇ ವಿಂಡೋನಲ್ಲಿ ಸಾಲಾಗಿ ಇಟ್ಟಿರ್ತಾರೆ, ಪಕ್ಕದಲ್ಲೇ ಅವೇ ವಸ್ತುಗಳು ಮಂಕಾದ ರೂಪದಲ್ಲಿ. ಅದನ್ನ ತೆಗೆದಿಟ್ಕೊಂಡು, ಜಿಟಿಕೆ ಇನ್‌ಸ್ಪೆಕ್ಟರ್‌ನ ಸಿಎಸ್‌ಎಸ್ ಟ್ಯಾಬ್‌ನಲ್ಲಿ ಬರೀತಾ ಹೋಗಿ, ಬರೆದಿದ್ದು ತಕ್ಷಣ ಕಾಣುತ್ತೆ. ಹೊಸದಾಗಿ ಸೊನ್ನೆಯಿಂದ ಶುರು ಮಾಡೋ ಸಾಹಸ ಬೇಡ, ಜಿಟಿಕೆ ಜೊತೆಗೇ ಬರೋ ಅದ್ವೈತ ಥೀಮ್‌ನ ಇಂಪೋರ್ಟ್ ಮಾಡ್ಕೊಂಡು ಅದರ ಮೇಲೆ ನಿಮ್ಮ ಬದಲಾವಣೆ ಅಷ್ಟೇ ಬರೀರಿ, ಆಗ ನೀವು ಮರೆತಿರೋ ಮೂಲೆಗಳಲ್ಲಾದ್ರೂ ಏನೋ ಒಂದು ಸರಿಯಾಗಿರುತ್ತೆ. ಅರೆಬರೆ ಆದ ತಕ್ಷಣ ಅದನ್ನೇ ಹಾಕ್ಕೊಂಡು ದಿನದ ಕೆಲ್ಸ ಮಾಡಿ, ಬಿಸಿಲು ಬೀಳೋ ಹೊತ್ತಲ್ಲಿ ಒಂದು ಸಲ, ರಾತ್ರಿ ಬ್ರೈಟ್‌ನೆಸ್ ಪೂರ್ತಿ ಇಳಿಸಿ ಒಂದು ಸಲ, ಮೌಸ್ ಪಕ್ಕಕ್ಕಿಟ್ಟು ಬರೀ ಟ್ಯಾಬ್ ಕೀಯಲ್ಲಿ ಒಂದು ಸಲ. ಕಿರಿಕಿರಿ ಅನ್ಸಿದ್ದನ್ನೆಲ್ಲಾ ಅಲ್ಲೇ ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಬರೆದಿಟ್ಕೊಳ್ಳಿ, ಆಮೇಲೆ ನೆನಪಿರಲ್ಲ.

ನನ್ನ ಆ ಫೈಲ್‌ನಲ್ಲಿ ಸದ್ಯಕ್ಕೆ ಉಳಿದಿರೋದು, ಹಿಂದಿನ ವಿಂಡೋನಲ್ಲಿ ಸೆಲೆಕ್ಟ್ ಆಗಿರೋ ಸಾಲಿನ ಬಣ್ಣ ಬೂದು ಜಾಸ್ತಿ ಆಗಿ ಸೆಲೆಕ್ಟ್ ಆಗಿದ್ಯಾ ಇಲ್ವಾ ಗೊತ್ತಾಗ್ತಿಲ್ಲ, ಪ್ರೋಗ್ರೆಸ್ ಬಾರ್ 2 ಪರ್ಸೆಂಟ್‌ನಲ್ಲಿರೋವಾಗ ಗುಂಡಗಿನ ಮೂಲೆ ಒಡೆದು ಕಾಣುತ್ತೆ, ಮತ್ತೆ ಟೂಲ್‌ಟಿಪ್‌ನಲ್ಲಿ ಲಿಂಕ್ ಬಂದ್ರೆ ಓದೋಕಾಗಲ್ಲ. ಟೂಲ್‌ಟಿಪ್‌ನಲ್ಲಿ ಯಾರು ಲಿಂಕ್ ಇಡ್ತಾರೆ ಅಂತ ಕೇಳ್ಬೇಡಿ, ಇಡ್ತಾರೆ.